ಮೈಸೂರಿನಲ್ಲಿ ರೊಟ್ಟಿ ಊಟ ನಡೆಯುತ್ತಾ? ಖಾರ ಕಡಿಮೆ ಮಾಡಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಅಮ್ಮ ಗದಗಿನಲ್ಲಿ ಖಾನಾವಳಿ ನಡೆಸುತ್ತಾರೆ, ನೀವು ಮೈಸೂರಿಗೆ ಬಂದು ಎರಡು ವರ್ಷ ಆಯ್ತು. ಇಲ್ಲಿ ಅದೇ ಜೋಳದ ರೊಟ್ಟಿಯ ಅಡುಗೆ ಇಟ್ಟರೆ ಮೈಸೂರಿನವರು ತಿನ್ನುತ್ತಾರಾ, ಅವರ ಬಾಯಿಗೆ ತಕ್ಕಂತೆ ಖಾರ ಕಡಿಮೆ ಮಾಡಬೇಕಾ ಅಂತ ಕೇಳಿದ್ದೀರಿ. ನಾನು ಬಾಗಲಕೋಟೆ ಕಡೆಯವನು. 2014ರಲ್ಲಿ ಹೂಟಗಳ್ಳಿಯಲ್ಲಿ ಆರು ಮೇಜಿನ ಖಾನಾವಳಿ ಶುರು ಮಾಡಿದೆ. ಈಗ ಬೋಗಾದಿ ರಸ್ತೆಯಲ್ಲಿ ಇನ್ನೊಂದು ಇದೆ. ಅದರ ವಿಷಯ ಆಮೇಲೆ ಹೇಳುತ್ತೇನೆ.

ತಿನ್ನುತ್ತಾರೆ. ಖಾರ ಕಡಿಮೆ ಮಾಡಬೇಡಿ. ನಾನು ಮಾಡಿ ಕೆಟ್ಟಿದ್ದೇನೆ. ಮೊದಲ ನಾಲ್ಕು ತಿಂಗಳು ಹೆದರಿಕೊಂಡು ಎಣ್ಣೆಗಾಯಿಗೆ ಬೆಲ್ಲ ಜಾಸ್ತಿ ಹಾಕಿದೆ, ಕಡಲೆಹಿಟ್ಟಿನ ಝುಣಕ ಬಿಟ್ಟೆ, ಚಪಾತಿ ಪನ್ನೀರ್ ಇಟ್ಟೆ. ಅದು ಎಲ್ಲ ಕಡೆಯೂ ಸಿಗುತ್ತಲ್ವಾ, ನನ್ನ ಹತ್ತಿರ ಯಾಕೆ ಬರಬೇಕು? ಇಲ್ಲೇ ಮೈಸೂರಿನ ಹೆಬ್ಬಾಳದ ಕಂಪನಿಗಳಲ್ಲಿ ಕೆಲಸ ಮಾಡುವ ವಿಜಯಪುರ, ಬೆಳಗಾವಿ ಹುಡುಗರು ಒಂದು ಸಲ ಬಂದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಐದನೇ ತಿಂಗಳು ನಮ್ಮವ್ವ ಮಾಡುವ ಹಾಗೇ ಮಾಡಿದೆ. ಬ್ಯಾಡಗಿ ಮೆಣಸಿನಕಾಯಿ, ಗುರೆಳ್ಳು ಪುಡಿ, ಶೇಂಗಾ ಹಿಂಡಿ (ಚಟ್ನಿಪುಡಿ), ಪಕ್ಕದಲ್ಲಿ ಗಟ್ಟಿ ಮೊಸರು. ಖಾರ ಅನ್ನಿಸಿದವರು ಮೊಸರು ಜಾಸ್ತಿ ಕೇಳುತ್ತಾರೆ, ಅಷ್ಟೇ. ಒಂದನ್ನು ಮಾತ್ರ ಬದಲಿಸಿದೆ. ನಮ್ಮ ಕಡೆಯ ಮುಳಗಾಯಿ, ಅಂದರೆ ಬದನೆ, ಸಿಗದ ದಿನ ದೇವರಾಜ ಮಾರುಕಟ್ಟೆಯಿಂದ ಈರನಗೆರೆ ಬದನೆ ತರುತ್ತೇನೆ. ಹಸಿರು ಬದನೆ, ಮೈಸೂರಿನದೇ ತಳಿ. ಬೇಗ ಮೆತ್ತಗಾಗುತ್ತದೆ, ಮಸಾಲೆ ಚೆನ್ನಾಗಿ ಹೀರುತ್ತದೆ. ಅವ್ವನಿಗೂ ಅದು ಹಿಡಿಸಿತು.

ನೀವು ಯೋಚನೆ ಮಾಡಬೇಕಾದ್ದು ರೊಟ್ಟಿ ಬಡಿಯುವ ಕೈಗಳ ಬಗ್ಗೆ. ನಿಮ್ಮೂರಲ್ಲಿ ಓಣಿಗೆ ಹತ್ತು ಜನ ಸಿಗುತ್ತಾರೆ. ಇಲ್ಲಿ ಹಾಗಲ್ಲ. ಅಕ್ಕಿರೊಟ್ಟಿ ತಟ್ಟುವವರು ಬೇಕಾದಷ್ಟು ಜನ ಇದ್ದಾರೆ, ಜೋಳದ ರೊಟ್ಟಿ ಅವರಿಗೆ ಹೊಸದು. ಗೋಧಿ ಹಿಟ್ಟಿನ ಹಾಗೆ ಜೋಳದ ಹಿಟ್ಟು ಎಳೆದರೆ ಬರುವುದಿಲ್ಲ, ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಅದರಲ್ಲಿ ಇಲ್ಲ. ಕುದಿಯುವ ಎಸರು ಹಾಕಿದಾಗಲೇ ಹಿಟ್ಟಿಗೆ ಅಂಟು ಬರುವುದು. ಅಂಗಡಿಯ ಪೊಟ್ಟಣದ ಹಿಟ್ಟು ತಂದು ಮಾಡಿದಾಗ ಪ್ರತಿ ರೊಟ್ಟಿಯ ಅಂಚೂ ಒಡೆಯಿತು. ಅವ್ವನಿಗೆ ಫೋನ್ ಮಾಡಿದೆ. "ಹಿಟ್ಟು ಹಳೇದೈತಿ, ಜಿಗಿ ಹೋಗೇತಿ. ಕಾಳು ತಂದು ಬೀಸಿಸು" ಅಂದಳು.

ಅವತ್ತಿನಿಂದ ನಾನು ಹಿಟ್ಟು ಕೊಳ್ಳುವುದಿಲ್ಲ. ಹಿಂಗಾರಿಯ ಬಿಳಿಜೋಳ, ಆದಷ್ಟು ಮಾಲದಂಡಿ ತಳಿಯದು, ಕಾಳಾಗಿಯೇ ಊರಿಂದ ತರಿಸುತ್ತೇನೆ. ಮೂರು ದಿನಕ್ಕೆ ಎಷ್ಟು ಬೇಕೋ ಅಷ್ಟೇ ಬೀಸಿಸುತ್ತೇನೆ. ಒಂದು ಎಚ್ಚರಿಕೆ: ಇಲ್ಲಿನ ಗಿರಣಿಗಳಲ್ಲಿ ದಿನವೆಲ್ಲ ರಾಗಿ ಬೀಸುತ್ತಾರೆ. ಅದೇ ಕಲ್ಲಿಗೆ ಜೋಳ ಹಾಕಿದರೆ ರೊಟ್ಟಿ ಕಪ್ಪಗೆ ಬರುತ್ತದೆ. ಬೆಳಿಗ್ಗೆ ಮೊದಲ ಸರದಿ ಕೇಳಿ, ಶುರುವಿನಲ್ಲಿ ಬೀಳುವ ಹಿಟ್ಟನ್ನು ಬೇರೆ ಇಡಿ.

ಮೊದಲ ವರ್ಷ ನಮ್ಮ ಚಿಗವ್ವ (ಚಿಕ್ಕಮ್ಮ) ಬಂದು ರೊಟ್ಟಿ ಬಡಿದಳು. ಅವಳಿಗೂ ಮನೆ, ಮೊಮ್ಮಕ್ಕಳು ಇದ್ದಾರೆ, ಎಷ್ಟು ದಿನ ಇರುತ್ತಾಳೆ? ಪಾತ್ರೆ ತೊಳೆಯಲು ಬರುತ್ತಿದ್ದ ಶ್ರೀರಂಗಪಟ್ಟಣ ಕಡೆಯ ಅಮ್ಮ ಒಬ್ಬರು ದಿನಾ ನಿಂತು ನೋಡುತ್ತಿದ್ದರು. ಒಂದು ದಿನ "ಮುದ್ದೆ ತಿರುವಿ ಬೆಳ್ದ ಕೈ ಕಣಪ್ಪ ಇದು, ಕೊಡು ನೋಡಾನ" ಅಂದರು. ಬಿಸಿ ಹಿಟ್ಟು ಅವರ ಕೈಯನ್ನು ಹೆದರಿಸಲಿಲ್ಲ. ಮುದ್ದೆಯೂ ಅಷ್ಟೇ ಬಿಸಿ ಅಲ್ವಾ. ರೊಟ್ಟಿಯನ್ನು ತಿರುಗಿಸುತ್ತಾ ಬಡಿಯುವುದು ಮಾತ್ರ ಕಲಿಯಬೇಕಾಯಿತು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುವುದು, ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚುವುದು, ಇದಕ್ಕೆ ಒಂದು ತಿಂಗಳು ಹಿಡಿಯಿತು. ಚಿಗವ್ವ ಪಕ್ಕದಲ್ಲೇ ಕೂತು ಕಲಿಸಿದಳು. ಇವಳ ಮಾತು ಅವರಿಗೆ ಅರ್ಧ ಅರ್ಥ ಆಗುತ್ತಿರಲಿಲ್ಲ, ಅವರ ಮಾತು ಇವಳಿಗೆ. ಇಬ್ಬರೂ ಕೈ ನೋಡಿ ಕೆಲಸ ಸಾಗಿಸಿದರು. ಇವತ್ತು ನನ್ನಲ್ಲಿ ರೊಟ್ಟಿ ಬಡಿಯುವ ನಾಲ್ವರೂ ಮೈಸೂರು, ಮಂಡ್ಯ ಕಡೆಯವರೇ.

ಅವರಿಗೆ ಪಲ್ಯ ಮಾಡುವ ಅಡುಗೆಯವರಷ್ಟೇ ಸಂಬಳ ಕೊಡಿ. ಒಬ್ಬರು ಗಂಟೆಗೆ 30 ರೊಟ್ಟಿ ಬಡಿಯುತ್ತಾರೆ ಅಂತ ಲೆಕ್ಕ ಇಟ್ಟುಕೊಳ್ಳಿ, ಎರಡು ಗಂಟೆಗಿಂತ ಜಾಸ್ತಿ ಒಂದೇ ಸಮನೆ ಕೂರಿಸಬೇಡಿ. ಭುಜ ಹೋಗುತ್ತದೆ. ನಮ್ಮವ್ವನ ಬಲ ಭುಜ ಹಾಗೇ ಹೋಗಿದ್ದು.

ಇನ್ನು ಎರಡನೇ ಹೋಟೆಲ್. ನನ್ನ ಹೆಂಡತಿ ಪಾಂಡವಪುರದವಳು. ಅವಳ ತಾಯಿ ಮೊದಲ ಸಲ ನಮ್ಮಲ್ಲಿ ಊಟಕ್ಕೆ ಬಂದಾಗ ಗುರೆಳ್ಳು ಪುಡಿ ನಾಲಿಗೆಗೆ ಹಚ್ಚಿ, "ಇದು ನಮ್ಮ ಹುಚ್ಚೆಳ್ಳು ಅಲ್ವಾ" ಅಂದರು. ಹೌದು, ಎರಡೂ ಒಂದೇ. ನಮ್ಮಲ್ಲಿ ಹೋಳಿಗೆಗೆ ಬೇಳೆ ಬೇಯಿಸಿ ಬಸಿದ ಕಟ್ಟಿನಿಂದ ಸಾರು ಮಾಡುತ್ತೇವೆ. ಅವರು ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಬಸ್ಸಾರು ಮಾಡುತ್ತಾರೆ. ಬಸಿದ ನೀರನ್ನು ಚೆಲ್ಲದ ಮನೆಗಳು ಎರಡೂ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೋಗಾದಿ ರಸ್ತೆಯದು ಅತ್ತೆಯ ಅಡುಗೆಯ ಹೋಟೆಲ್: ಮುದ್ದೆ, ಬಸ್ಸಾರು, ಉಪ್ಸಾರು, ಚಳಿಗಾಲದಲ್ಲಿ ಹಿಸುಕಿದ ಅವರೆಬೇಳೆ ಸಾರು. ಅವರ ಉಪ್ಸಾರು ಖಾರದ ಅಳತೆಯನ್ನು ನಾನು ಚಮಚದಲ್ಲಿ ಬರೆದುಕೊಳ್ಳಲು ನೋಡಿದೆ. ಅವರು ಬೇಡ ಅಂದರು, ಒಂದು ವಾರ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. ಚಿಗವ್ವ ಕಲಿಸಿದ ಹಾಗೇ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಮತ್ತು ಸ್ಥಳೀಯ ಸಂಸ್ಥೆಯ ಪರವಾನಗಿ ಬಾಗಿಲು ತೆರೆಯುವ ಮೊದಲೇ ಮಾಡಿಸಿ. ಕೈಯಲ್ಲಿ ಆರು ತಿಂಗಳ ಬಾಡಿಗೆ ಇರಲಿ. ಖಡಕ್ ರೊಟ್ಟಿಯನ್ನು ಮೊದಲ ದಿನದಿಂದಲೇ ಮಾಡಿ, ತೇವ ತಾಗದಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಮೇಜುಗಳು ಖಾಲಿ ಇದ್ದಾಗ ನಮ್ಮೆಲ್ಲರ ಸಂಬಳ ನಡೆದದ್ದು ಅದರಿಂದ. ದಸರಾ ಹತ್ತು ದಿನ ಉತ್ತರ ಕರ್ನಾಟಕದ ಜನ ಬಸ್ಸುಗಟ್ಟಲೆ ಬಂದು ರೊಟ್ಟಿ ಹುಡುಕುತ್ತಾರೆ, ಆಗ ಕೈ ಸಾಲುವುದಿಲ್ಲ. ಅದಕ್ಕೂ ಮೂರು ತಿಂಗಳು ಮೊದಲೇ ಕಲಿಸಲು ಶುರು ಮಾಡಿ.

ಗದಗಿನಿಂದ ಮೈಸೂರಿಗೆ ಗೋಲಗುಂಬಜ್ ರೈಲು ನೇರ ಇದೆ. ಮುಂದಿನ ಸಲ ಊರಿಗೆ ಹೋದಾಗ ಅಮ್ಮನ ಹತ್ತಿರ ಎರಡು ಕೆಜಿ ಜೋಳ ಇಸ್ಕೊಂಡು ಬನ್ನಿ, ಹಿಟ್ಟು ಬೇಡ, ಕಾಳು. ಅಂಗಡಿಗೆ ಮುಂಗಡ ಕೊಡುವ ಮೊದಲು ನಮ್ಮ ಅಡುಗೆಮನೆಯಲ್ಲಿ ಒಂದು ಸಲ ರೊಟ್ಟಿ ಬಡಿದು ನೋಡೋಣ.