ಅಡಿಕೆಪುಡಿ ಡಬ್ಬಿಯ ಮಾತ್ರೆಗಳು

(ಗುರುತು ಸಿಗದಂತೆ ವಯಸ್ಸು, ಉದ್ಯೋಗ ಬದಲಿಸಿದ್ದೇನೆ.)

ಮೇಷ್ಟ್ರಿಗೆ 58. ಸಲಹೆಗೆಂದು ನನ್ನ ಬಳಿ ಬಂದದ್ದು ಹೆಂಡತಿಯ ಒತ್ತಾಯಕ್ಕೆ. "ಏಳು ತಿಂಗಳಿಂದ ಮೂರು ಹೊತ್ತೂ ಟೊಮೆಟೊ ಮೇಡಂ. ನೆಂಟರು ಬಂದರೂ ಅದೇ" ಎಂದರು ಆಕೆ. ಮೇಷ್ಟ್ರು ಚೀಲದಿಂದ ಹಳೆಯ ಅಡಿಕೆಪುಡಿ ಡಬ್ಬಿ ತೆಗೆದಿಟ್ಟರು. ಬಾಟಲಿಯ ಮೇಲಿನ ಬೆಲೆ ಮನೆಯಲ್ಲಿ ಕಂಡರೆ ರಗಳೆ ಎಂದು ಮಾತ್ರೆಗಳನ್ನೆಲ್ಲ ಅದಕ್ಕೆ ಸುರಿದಿದ್ದರು. ಜೊತೆಗೊಂದು ಚೀಟಿ, ದುಂಡು ಅಕ್ಷರದಲ್ಲಿ: ಲೈಕೋಪಿನ್ (ಟೊಮೆಟೊಗೆ ಕೆಂಪು ಬಣ್ಣ ಕೊಡುವ ಅಂಶ), ಸೆಲೆನಿಯಂ (ಒಂದು ಖನಿಜ), ಗ್ರೀನ್ ಟೀ ಸಾರ, ವಿಟಮಿನ್ ಇ 400 ಯೂನಿಟ್.

ಕಾರಣ ಅಣ್ಣ. ಪ್ರಾಸ್ಟೇಟ್, ಅಂದರೆ ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿಯ ಕ್ಯಾನ್ಸರ್ ಮೂಳೆಗೆ ಇಳಿದ ಮೇಲೆಯೇ ಗೊತ್ತಾದದ್ದು. "ಸೊಂಟನೋವು ಅಂದುಕೊಂಡು ಎಣ್ಣೆ ತಿಕ್ಕಿದವನು ನಾನೇ." ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ನೀವು ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಿದ್ದೀರಾ? ಆ ಗ್ರಂಥಿಯಿಂದ ರಕ್ತಕ್ಕೆ ಸೇರುವ ಪ್ರೋಟೀನ್ ಅಳೆಯುವುದು."

"ಇಲ್ಲ... ಬಂದುಬಿಟ್ಟರೆ?"

ಇಷ್ಟು ಮಾತ್ರೆ ನುಂಗುವ ಧೈರ್ಯವಿದ್ದ ಮನುಷ್ಯನಿಗೆ ಒಂದು ಸೂಜಿಯ ಭಯ. ನನಗೆ ನಗು ಬರಲಿಲ್ಲ, ಇಂಥವರನ್ನು ಬಹಳ ನೋಡಿದ್ದೇನೆ.

ಮೇಷ್ಟ್ರಿಗೆ ಲೆಕ್ಕವೇ ಹಿಡಿಸುತ್ತದೆ, ಲೆಕ್ಕವನ್ನೇ ಹೇಳಿದೆ. 2001ರಲ್ಲಿ ಅಮೆರಿಕ, ಕೆನಡಾಗಳಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ 'ಸೆಲೆಕ್ಟ್' ಎಂಬ ಪ್ರಯೋಗ ಶುರುವಾಯಿತು. ಕೆಲವರಿಗೆ ಸೆಲೆನಿಯಂ, ಕೆಲವರಿಗೆ ಇದೇ 400 ಯೂನಿಟ್ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಹುಸಿ ಮಾತ್ರೆ. ಪ್ರಯೋಜನ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದರು. 2011ರ ವರದಿಯಲ್ಲಿ, ಬರೀ ವಿಟಮಿನ್ ಇ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹುಸಿ ಮಾತ್ರೆಯವರಿಗಿಂತ ಶೇ 17ರಷ್ಟು ಜಾಸ್ತಿ. ಮೇಷ್ಟ್ರು ಚೀಟಿಯ ಆ ಸಾಲಿನ ಮೇಲೆ ಬೆರಳಿಟ್ಟು ಕೂತುಬಿಟ್ಟರು.

ಗ್ರೀನ್ ಟೀ ಕುಡಿಯುವುದು ಬೇರೆ, ಅದರ ಸಾರವನ್ನು ಮಾತ್ರೆ ಮಾಡಿ ನುಂಗುವುದು ಬೇರೆ. ಹೆಚ್ಚು ಪ್ರಮಾಣದಲ್ಲಿ ಅದು ಯಕೃತ್ತಿಗೆ ಪೆಟ್ಟು ಕೊಟ್ಟದ್ದುಂಟು. ಟೊಮೆಟೊದ ಲೈಕೋಪಿನ್ ಈ ಕ್ಯಾನ್ಸರ್ ತಡೆಯುತ್ತದೆಂದು ಸಾಬೀತಾಗಿಲ್ಲ. ಆದರೆ ತಿನ್ನಲು ಅಡ್ಡಿಯೇನು? ಹಸಿಗಿಂತ ಬೇಯಿಸಿ ಎಣ್ಣೆಯ ಒಗ್ಗರಣೆ ಕೊಟ್ಟರೆ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಅಂದರೆ ಆಕೆ ಮಾಡುವ ಸಾರು.

ಸಲಹೆ ಇಷ್ಟೇ ಕೊಟ್ಟೆ. ಡಬ್ಬಿ ಇವತ್ತೇ ಬಂದ್, ಚೀಟಿ ಮಾತ್ರ ಡಾಕ್ಟರಿಗೆ ತೋರಿಸಿ. ಈ ವಾರವೇ ಮೂತ್ರರೋಗ ತಜ್ಞರನ್ನು ಕಾಣಿ, ಅಣ್ಣನ ಕಾಯಿಲೆಯನ್ನು ಮೊದಲ ಮಾತಾಗಿ ಹೇಳಿ. ಅಣ್ಣತಮ್ಮಂದಿರಿಗೆ ಇದ್ದರೆ ಅಪಾಯ ಸುಮಾರು ಎರಡು ಪಟ್ಟು. ಪಿಎಸ್‌ಎ ಏರಿದರೆ ಕ್ಯಾನ್ಸರ್ ಎಂದೇ ಅಲ್ಲ, ಗ್ರಂಥಿ ದಪ್ಪಗಾದರೂ ಸೋಂಕಾದರೂ ಏರುತ್ತದೆ. ಏರಿದರೆ ಮುಂದೇನು ಎಂದು ಪರೀಕ್ಷೆಗೆ ಮೊದಲೇ ಕೇಳಿಕೊಳ್ಳಿ.

ಹತ್ತು ದಿನದ ಮೇಲೆ ಫೋನ್ ಬಂತು. "ರಕ್ತ ಕೊಟ್ಟಾಯ್ತು ಮೇಡಂ. ರಿಪೋರ್ಟ್ ನಾಳೆ. ಇವಳೂ ಜೊತೆಗೆ ಬರ್ತಾಳೆ."