ಪ್ರಾಸ ಕಟ್ಟಿ ಪ್ರಾಸವನ್ನೇ ನುಂಗುವವರು

ಪತ್ರ: ಲಂಡನ್ನಿನಲ್ಲಿರುವ ನನ್ನ ಮಗನ ಆಫೀಸಿನಲ್ಲಿ ‘ಹ್ಯಾವ್ ಎ ಬುಚರ್ಸ್’ ಅಂದರೆ ‘ಒಂದ್ಸಲ ನೋಡು’ ಅಂತ ಅರ್ಥವಂತೆ. ಇದು ಕಾಕ್ನಿಗಳ, ಅಂದರೆ ಪೂರ್ವ ಲಂಡನ್ನಿನ ದುಡಿಯುವ ಜನರ, ಪ್ರಾಸದ ಮಾತು ಅನ್ನುತ್ತಾನೆ. ಬುಚರ್‌ಗೂ ‘ಲುಕ್’ಗೂ ಎಲ್ಲಿಯ ಪ್ರಾಸ? ಇದು ಕಳ್ಳರ ಗುಪ್ತಭಾಷೆ ಅನ್ನುವುದು ನಿಜವೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಪ್ರಾಸ ಇತ್ತು, ನುಂಗಿಬಿಟ್ಟಿದ್ದಾರೆ. ಪೂರ್ತಿ ಮಾತು ‘ಬುಚರ್ಸ್ ಹುಕ್’, ಕಟುಕರ ಅಂಗಡಿಯಲ್ಲಿ ಮಾಂಸ ನೇತುಹಾಕುವ ಕೊಕ್ಕೆ. ಹುಕ್–ಲುಕ್. ಎಲ್ಲರ ಬಾಯಲ್ಲಿರುವ ಎರಡು-ಮೂರು ಪದಗಳ ಕಂತೆ ಹುಡುಕಬೇಕು, ಅದರ ಕೊನೆ ನಮಗೆ ಬೇಕಾದ ಪದಕ್ಕೆ ಪ್ರಾಸವಾಗಬೇಕು, ಆಮೇಲೆ ಆ ಕೊನೆಯನ್ನೇ ಕತ್ತರಿಸಬೇಕು. ‘ಚೈನಾ ಪ್ಲೇಟ್’ ಮೇಟ್‌ಗೆ ಪ್ರಾಸ. ಹಾಗಾಗಿ ಗೆಳೆಯ ಬರೀ ‘ಚೈನಾ’. ‘ಲೋಫ್ ಆಫ್ ಬ್ರೆಡ್’ ಹೆಡ್‌ಗೆ. ‘ಯೂಸ್ ಯುವರ್ ಲೋಫ್’ ಅಂದರೆ ತಲೆ ಓಡಿಸು.

ಸಿಕ್ಕಿದ್ದಕ್ಕೆಲ್ಲ ಕತ್ತರಿ ಹಾಕಿದರೆ ಎಡವಟ್ಟಾಗುತ್ತದೆ. ‘ಟೀ ಲೀಫ್’ ಅಂದರೆ ಥೀಫ್. ಬಾಲ ಕತ್ತರಿಸಿ ‘ಟೀ’ ಅಂದಿರೋ, ಚಹಾ ಬಂದೀತು, ಕಳ್ಳ ಸಿಗಲಾರ. ಸತ್ತವನಿಗೆ ಹೇಳುವ ‘ಬ್ರೌನ್ ಬ್ರೆಡ್’ ಕೂಡ ಇಡಿಯಾಗಿಯೇ ಉಳಿದಿದೆ.

ತಮಾಷೆ ಪೂರ್ತಿ ತಿಳಿಯಬೇಕಾದರೆ ಸ್ವಲ್ಪ ಅಸಭ್ಯವಾಗಲೇಬೇಕು, ಕ್ಷಮಿಸಿ. ಅಂಡಿಗೆ ಅವರ ಒರಟು ಪದ ‘ಆರ್ಸ್’. ಲಂಡನ್ನಿನ ಬಾಯಲ್ಲಿ ಅಲ್ಲಿಯ ರಕಾರ ಕೇಳುವುದೇ ಇಲ್ಲ. ಹಾಗಾಗಿ ‘ಬಾಟಲ್ ಅಂಡ್ ಗ್ಲಾಸ್’ ಸಲೀಸಾಗಿ ಹೊಂದುತ್ತದೆ. ಕತ್ತರಿಸಿದರೆ ‘ಬಾಟಲ್’. ಅಷ್ಟಕ್ಕೆ ಬಿಡದೆ ಬಾಟಲ್‌ಗೇ ಇನ್ನೊಂದು ಪ್ರಾಸ ಹುಡುಕಿದರು: ಅರಿಸ್ಟಾಟಲ್! ಅವನಿಗೂ ಕತ್ತರಿ ಬಿದ್ದು ‘ಆರಿಸ್’ ಆಯಿತು. ಊರೆಲ್ಲ ಸುತ್ತಿ, ಗ್ರೀಕ್ ತತ್ತ್ವಜ್ಞಾನಿಯನ್ನೂ ಎಳೆದುತಂದು, ಕೊನೆಗೆ ಹೊರಟ ಪದದ ಪಕ್ಕದಲ್ಲೇ ಬಂದು ಕೂತರು.

ಇನ್ನು ಕಳ್ಳರ ವಿಷಯ. ಜಾನ್ ಕ್ಯಾಮ್ಡೆನ್ ಹಾಟನ್ 1859ರ ತನ್ನ ಆಡುಮಾತಿನ ನಿಘಂಟಿನಲ್ಲಿ, ಈ ಪದ್ಧತಿ ಹುಟ್ಟಿ 12–15 ವರ್ಷವಾಯಿತು ಎಂದಿದ್ದಾನೆ. ಅಂದರೆ 1840ರ ದಶಕ. ಅವನು ಬೆರಳು ತೋರಿಸುವುದು ಬೀದಿಯಲ್ಲಿ ಲಾವಣಿ ಹಾಡಿ, ಮಾತಿನ ಮೋಡಿ ಹಾಕಿ ಮಾರುವವರ ಕಡೆಗೆ. ತಳ್ಳುಗಾಡಿಯವರದು ಬೇರೆಯೇ ಆಟ: ಪದದ ಅಕ್ಷರಗಳನ್ನು ತಿರುಗಿಸಿ ‘ಬಾಯ್’ ಅನ್ನು ‘ಯಾಬ್’ ಮಾಡುವುದು. ಕಳ್ಳರೂ ಬಳಸಿರಬಹುದು, ಆದರೆ ನನ್ನ ಕಿವಿಗೆ ಇದರಲ್ಲಿ ಗುಟ್ಟಿಗಿಂತ ಗಮ್ಮತ್ತೇ ಹೆಚ್ಚು ಕೇಳುತ್ತದೆ. ನಮ್ಮ ಮಕ್ಕಳ ‘ಕ’ ಭಾಷೆಯ ಸೂತ್ರ ಒಮ್ಮೆ ತಿಳಿದರೆ ಯಾವ ಮಾತನ್ನೂ ಬಿಡಿಸಬಹುದು. ಇಲ್ಲಿ ಸೂತ್ರ ತಿಳಿದರೂ ಸಾಲದು, ಕತ್ತರಿಸಿದ ಬಾಲ ಗೊತ್ತಿರಬೇಕು. ಗೊತ್ತಿಲ್ಲದ್ದಕ್ಕೇ ಸಭ್ಯಸ್ಥರೂ ಪೆದ್ದನನ್ನು ‘ಬರ್ಕ್’ ಎಂದು ಬೈಯುತ್ತಾರೆ. ಅದು ‘ಬರ್ಕ್ಲಿ ಹಂಟ್’ ಎಂಬ ನರಿಬೇಟೆಯ ತಂಡದ ಹೆಸರಿನ ತುಂಡು. ಹಂಟ್‌ಗೆ ಪ್ರಾಸವಾಗುವ ಪದವನ್ನು ಇಲ್ಲಿ ಅಚ್ಚು ಹಾಕಲಾರೆ.

ನಿಮ್ಮ ಮಗನನ್ನು ಯಾರಾದರೂ ‘ರೂಬಿ’ಗೆ ಕರೆದರೆ ಗಾಬರಿಯಾಗಬೇಡಿ. ರೂಬಿ ಮರಿ 1950ರ ದಶಕದಲ್ಲಿ ಹೆಸರಾದ ಬೆಲ್‌ಫಾಸ್ಟ್‌ನ ಗಾಯಕಿ, ಮರಿ–ಕರಿ. ಕರಿ ಅಂದರೆ ಅಲ್ಲಿ ನಮ್ಮ ಕಡೆಯ ಮಸಾಲೆ ಊಟ. ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಲಿ.
– ಸಂ.