ಎರಡು ಬಟನ್, ಒಂದು ಟೇಪ್

ಭಾಗ್ಯಮ್ಮ (ಹೆಸರು, ವಿವರ ಬದಲಿಸಿದ್ದೇನೆ) ಪೀಣ್ಯದ ಒಂದು ಶೂ ಫ್ಯಾಕ್ಟರಿಯಲ್ಲಿ ಕ್ಲಿಕ್ಕಿಂಗ್ ಮೆಷಿನ್ (ಶೂಗೆ ಬೇಕಾದ ಚರ್ಮದ ತುಂಡು ಕತ್ತರಿಸುವ ಯಂತ್ರ) ಆಪರೇಟರ್. ಎರಡು ವಾರದಿಂದ ನಿದ್ದೆ ಇಲ್ಲ, ಮೆಷಿನ್ ಮುಂದೆ ನಿಂತರೆ ಕೈ ನಡುಗುತ್ತದೆ ಎಂದು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದರು. ಮನೆಯಲ್ಲಿ ಪಾತ್ರೆ ಬಿದ್ದರೂ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರಂತೆ. ಗಂಡ ಕೆಲಸ ಬಿಡು ಎನ್ನುತ್ತಾರೆ. ಬಿಟ್ಟರೆ ಮಗಳ ಫೀಸ್ ಕಟ್ಟೋದು ಯಾರು?

ಕೆಲಸ ಹೇಗೆ ಮಾಡ್ತೀರಿ ಅಂತ ಕೇಳಿದೆ. ಚರ್ಮವನ್ನು ಹಲಗೆ ಮೇಲೆ ಹರಡಿ, ಕಲೆ, ಗಾಯದ ಗುರುತು ತಪ್ಪಿಸಿ ಉಕ್ಕಿನ ಡೈ (ಬೇಕಾದ ಆಕಾರಕ್ಕೆ ಕತ್ತರಿಸುವ ಅಚ್ಚು) ಇಡಬೇಕು. ಬೆನ್ನಿನ ಕಡೆಯ ಗಟ್ಟಿ ಚರ್ಮ ಶೂ ಮುಂಭಾಗಕ್ಕೆ, ಹೊಟ್ಟೆ ಕಡೆಯ ಸಡಿಲ ಚರ್ಮ ಕಣ್ಣಿಗೆ ಬೀಳದ ತುಂಡುಗಳಿಗೆ. ಆಮೇಲೆ ಮೆಷಿನ್ನಿನ ತೋಳನ್ನು ಡೈ ಮೇಲಕ್ಕೆ ಎಳೆದು, ಎರಡೂ ಕೈಯಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಬೇಕು. ಧಡ್ ಅಂತ ಬೀಳುತ್ತದೆ. ಬಟನ್ ಎರಡಿರೋದೇ ಕೈ ಎರಡೂ ಹೊರಗಿರಲಿ ಅಂತ. ಇಷ್ಟು ಹೇಳುವಾಗ ಅವರ ಕೈ ನಡುಗಲೇ ಇಲ್ಲ. ಕಸುಬು ಬಲ್ಲವರು.

ಆಮೇಲೆ ನಿಜ ಸಂಗತಿ ಬಂತು. "ಒಂದು ಬಟನ್ನಿಗೆ ಟೇಪ್ ಸುತ್ತಿದ್ದು ನಾನೇ ಮೇಡಂ." ಹಾಗೆ ಮಾಡಿದರೆ ಒಂದು ಕೈಯಲ್ಲಿ ಒತ್ತುತ್ತಾ ಇನ್ನೊಂದರಲ್ಲಿ ಡೈ ಸರಿಸಬಹುದು, ಟಾರ್ಗೆಟ್ ಮುಟ್ಟುತ್ತದೆ. ಹೊಸ ಮೆಷಿನ್‌ಗಳಲ್ಲಿ ಪ್ರತಿ ಸಲ ಎರಡೂ ಬಟನ್ ಬಿಟ್ಟು ಒತ್ತಿದರೇನೇ ತೋಳು ಇಳಿಯೋದು. ಇದು ಹಳೇದು. ಭಾಗ್ಯಮ್ಮ ಟೀಗೆ ಹೋದಾಗ ಪಕ್ಕದ ಹುಡುಗಿ ಅದರ ಮುಂದೆ ನಿಂತಳು. ಎರಡು ಬೆರಳು ಹೋದವು.

"ನಿಮ್ಮ ತಪ್ಪೇನಿಲ್ಲ ಬಿಡಿ" ಅಂತ ಹೇಳೋದು ಸುಲಭ. ಆದರೆ ಆಕೆ ನಂಬುತ್ತಿರಲಿಲ್ಲ. ಅದಕ್ಕೇ ಹಾಳೆ ಮೇಲೆ ಒಂದು ವೃತ್ತ ಬರೆದು, ಈ ಅವಘಡದಲ್ಲಿ ಯಾರ್ಯಾರ ಪಾಲಿದೆ, ನಿಮ್ಮದನ್ನು ಕೊನೆಗೆ ಬರೆಯಿರಿ ಎಂದೆ. ಟಾರ್ಗೆಟ್ ಏರಿಸಿದವರು, ಟೇಪ್ ನೋಡಿಯೂ ಸುಮ್ನಿದ್ದ ಸೂಪರ್‌ವೈಸರ್, ಹಳೇ ಮೆಷಿನ್ ಬದಲಿಸದ ಮಾಲೀಕರು, ಮೆಷಿನ್ ರಿಪೇರಿಗೆ ಬಂದು ಹೋದವರು. ಕೊನೆಗೆ ತಮಗೆ ಒಂದು ತುಂಡು ಇಟ್ಟುಕೊಂಡರು. ಸಣ್ಣದೇನಲ್ಲ. ಅದನ್ನು ನಾನು ಅಳಿಸಲಿಲ್ಲ.

ಇನ್ನು ಭಯ. ಅದನ್ನು ಪೂರ್ತಿ ಕಾಯಿಲೆ ಅನ್ನೋಕೆ ನನಗೆ ಮನಸ್ಸಿಲ್ಲ. ಟೇಪ್ ಸುತ್ತಿದ ಮೆಷಿನ್‌ಗೆ ಹೆದರಬೇಕಾದ್ದೇ ಅಲ್ವಾ? ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಅದೇ ಮೆಷಿನ್ ಮುಂದೆ ನಿಲ್ಲಿಸಿದರೆ ನಾನೂ ಟೇಪ್ ಸುತ್ತಿದ ಹಾಗೆ.

ಹಾಗಾಗಿ ಮೊದಲ ಸಲಹೆ: ಟೇಪ್ ತೆಗೆಸಿ. ಒಬ್ಬರೇ ಹೋಗಬೇಡಿ, ಲೈನಿನ ನಾಲ್ಕೈದು ಜನ ಸೇರಿ ಬರೆದು ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಅದಾದ ಮೇಲೆ ಮೆಷಿನ್ ಆಫ್ ಇದ್ದಾಗ ಹತ್ತಿರ ನಿಂತು ನೋಡಿ. ಮಾರನೇ ದಿನ ರದ್ದಿ ಚರ್ಮದ ಮೇಲೆ ಒಂದೆರಡು ಸಲ ಒತ್ತಿ. ಕೈ ನಡುಗಿದರೆ ಓಡಿಹೋಗದೆ ಅಲ್ಲೇ ನಿಂತು, ನಡುಕ ಇಳಿದ ಮೇಲೆ ಬನ್ನಿ. ಒಂದು ತಿಂಗಳಾದರೂ ಅದೇ ದೃಶ್ಯ ಕಣ್ಣಿಗೆ ಕಟ್ಟಿ ನಿದ್ದೆ ಕೆಡುತ್ತಿದ್ದರೆ ಮನೋವೈದ್ಯರನ್ನು ನೋಡಲೇಬೇಕು. ರಾತ್ರಿ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗಿಯ ಹತ್ತಿರ ಹೋಗಿ ಕ್ಷಮೆ ಕೇಳ್ತೀನಿ ಎಂದರು. ಕೇಳಿ, ಆದರೆ ಅವಳ ಮುಂದೆ ಅತ್ತು ಅವಳೇ ನಿಮ್ಮನ್ನು ಸಮಾಧಾನ ಮಾಡುವ ಹಾಗಾಗಬಾರದು ಎಂದೆ. ಅದಕ್ಕಿಂತ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕೆಲಸಕ್ಕೆ ಅವಳ ಜೊತೆಗೆ ಓಡಾಡಿ. ಕೆಲಸದಲ್ಲಿ ಆದ ಗಾಯಕ್ಕೆ ರಜೆಯ ದಿನಗಳಲ್ಲಿ ಸರಾಸರಿ ದಿನಗೂಲಿಯ ಶೇ. 90 ಸಿಗುತ್ತದೆ, ಬೆರಳು ಹೋದದ್ದಕ್ಕೆ ಮೆಡಿಕಲ್ ಬೋರ್ಡ್ ಮುಂದೆ ಬೇರೆ ಪರಿಹಾರ. ಇದಕ್ಕೆಲ್ಲ ಫ್ಯಾಕ್ಟರಿಯವರು ಅಪಘಾತದ ವರದಿ ಕಳಿಸಿರಬೇಕು. ಕಳಿಸಿರಲಿಲ್ಲ. ಭಾಗ್ಯಮ್ಮ ಬೆನ್ನು ಹತ್ತಿ ಕಳಿಸುವಂತೆ ಮಾಡಿದರು.

ಈಗ ಟೇಪ್ ಹೋಗಿದೆ, ಆಕೆ ಮೆಷಿನ್‌ಗೆ ಮರಳಿದ್ದಾರೆ. ಟಾರ್ಗೆಟ್ ಮಾತ್ರ ಇಳಿದಿಲ್ಲ, ಸೂಪರ್‌ವೈಸರ್ ದಿನಾ ರೇಗುತ್ತಾರೆ. ಮುಂದಿನ ಭೇಟಿಯಲ್ಲಿ ಅದರದ್ದೇ ಮಾತು.